ಅಗೆಯಲಾರದ ಬೆಕ್ಕಿಗೆ ಬಿಲ ತೋಡುವವರು ಯಾರು?

ದಕ್ಷಿಣ ಆಫ್ರಿಕಾದ ಕಿಂಬರ್ಲಿ ಎಂದೊಡನೆ ವಜ್ರದ ಗಣಿ ನೆನಪಾಗುತ್ತದೆ. 1871ರಿಂದ 1914ರವರೆಗೆ ಸಾವಿರಾರು ಕೂಲಿಕಾರರು ಗುದ್ದಲಿ, ಸಲಿಕೆ ಹಿಡಿದು ತೋಡಿದ ಅಲ್ಲಿನ ಮಹಾಗುಂಡಿಯನ್ನು ನೋಡಲು ಇಂದಿಗೂ ಜನ ಬರುತ್ತಾರೆ. ಅದೇ ಊರಿನ ಹೊರವಲಯದಲ್ಲಿ ಬೆನ್‌ಫಾಂಟೇನ್ ಎಂಬ ಸಂರಕ್ಷಿತ ಹುಲ್ಲುಗಾವಲಿದೆ. ಆಫ್ರಿಕಾದ ಅತಿ ಚಿಕ್ಕ ಕಾಡುಬೆಕ್ಕು ಬದುಕುವುದು ಅಲ್ಲಿ. ಹೆಣ್ಣು ಸುಮಾರು 1.3 ಕಿಲೋ, ಗಂಡು ಎರಡು ಕಿಲೋಗೂ ತುಸು ಕಡಿಮೆ. ಅಂಗಾಲು ಕಪ್ಪಾಗಿರುವುದರಿಂದ ಅದಕ್ಕೆ ಕಪ್ಪುಗಾಲಿನ ಬೆಕ್ಕು ಎಂದೇ ಹೆಸರು. ಹಗಲನ್ನು ಕಳೆಯಲು ಅದಕ್ಕೊಂದು ಬಿಲ ಬೇಕು. ಆದರೆ ಆ ಬಿಲವನ್ನು ಅದು ತಾನೇ ತೋಡಿಕೊಳ್ಳುವುದಿಲ್ಲ.

ಜರ್ಮನಿಯ ಪ್ರಾಣಿವಿಜ್ಞಾನಿ ಅಲೆಕ್ಸಾಂಡರ್ ಸ್ಲಿವಾ 1992ರಲ್ಲಿ ಬೆನ್‌ಫಾಂಟೇನ್‌ನಲ್ಲಿ ಈ ಬೆಕ್ಕುಗಳ ಬೆನ್ನು ಹತ್ತಿದರು. ಅಲ್ಲಿಂದ 2018ರವರೆಗೆ ಅವರೂ ಅವರ ಜೊತೆಗಾರರೂ 65 ಬೆಕ್ಕುಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ, ರಾತ್ರಿಯಿಡೀ ಅವು ಹೋದಲ್ಲಿಗೆಲ್ಲ ಹೋಗಿ ವಿವರ ಕಲೆಹಾಕಿದ್ದಾರೆ. ಕತ್ತಲಾದ ಮೇಲೆ ಈ ಬೆಕ್ಕು ಸರಾಸರಿ 8 ಕಿಲೋಮೀಟರ್ ಅಲೆಯುತ್ತದೆ. ಇಲಿಯೋ ಸಣ್ಣ ಹಕ್ಕಿಯೋ, ಒಂದೇ ರಾತ್ರಿ ಹತ್ತರಿಂದ ಹದಿನಾಲ್ಕು ಬೇಟೆ ಹಿಡಿಯುತ್ತದೆ. ಎಗರಿದಾಗಲೆಲ್ಲ ನೂರಕ್ಕೆ ಅರವತ್ತು ಬಾರಿ ಗುರಿ ತಪ್ಪುವುದಿಲ್ಲ. ಇಷ್ಟು ಚುರುಕಾದ ಪ್ರಾಣಿ ಬೆಳಕು ಹರಿಯುತ್ತಿದ್ದಂತೆ ನೆಲದೊಳಗೆ ಸೇರಿಕೊಳ್ಳುತ್ತದೆ. ಬಯಲಿನಲ್ಲಿ ಹದ್ದು, ಗೂಬೆ, ನರಿಗಳ ಕಣ್ಣಿಗೆ ಬಿದ್ದರೆ ಅದು ಉಳಿಯುವುದು ಕಷ್ಟ. ನೆಲದ ಮೇಲೆ ಮರೆಯಾಗಲು ಮರವಿಲ್ಲ, ಬಂಡೆಯೂ ವಿರಳ.

ನೆಲದೊಳಗೆ ಶತ್ರುವಿನಿಂದ ರಕ್ಷಣೆ ಸಿಗುತ್ತದೆ, ಅಷ್ಟೇ ಮುಖ್ಯವಾಗಿ ಹವೆಯಿಂದಲೂ ಸಿಗುತ್ತದೆ. ಮಣ್ಣು ಶಾಖವನ್ನು ಬಹಳ ನಿಧಾನವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಲು ನೆಲದ ಮೇಲ್ಪದರವನ್ನು ಕಾಯಿಸಿ, ಆ ಕಾವು ಒಂದು ಗೇಣು ಕೆಳಗಿಳಿಯುವ ಹೊತ್ತಿಗೆ ಸೂರ್ಯ ಮುಳುಗಿ ಮೇಲ್ಪದರ ತಣಿಯತೊಡಗಿರುತ್ತದೆ. ಹೀಗಾಗಿ ಅರ್ಧ ಮೀಟರಿನಷ್ಟು ಆಳದಲ್ಲಿ ಹಗಲು ರಾತ್ರಿಗಳ ವ್ಯತ್ಯಾಸ ಬಹುತೇಕ ಅಳಿಸಿಹೋಗುತ್ತದೆ. ಹೊರಗೆ ನೆಲ ಕಾದು ಕೆಂಡವಾಗಿರಲಿ, ಇರುಳಲ್ಲಿ ನೀರು ಹೆಪ್ಪುಗಟ್ಟಲಿ, ಬಿಲದೊಳಗಿನ ಗಾಳಿ ಒಂದೇ ಹದದಲ್ಲಿರುತ್ತದೆ, ತೇವವೂ ಉಳಿಯುತ್ತದೆ. ಚಿಕ್ಕ ಮೈಯ ಪ್ರಾಣಿಗೆ ಇದು ಜೀವನ್ಮರಣದ ಸಂಗತಿ. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಕಾವನ್ನು ಕಳೆದುಕೊಳ್ಳುವ ವೇಗವೂ ಹೆಚ್ಚು. ಹುಲಿ ಬಯಲಲ್ಲಿ ಮಲಗಿ ತಡೆದುಕೊಳ್ಳಬಲ್ಲ ಚಳಿಯನ್ನು ಒಂದೂವರೆ ಕಿಲೋ ತೂಗುವ ಬೆಕ್ಕು ತಡೆದುಕೊಳ್ಳಲಾರದು. ಕಣ್ಣು ತೆರೆಯದ ಅದರ ಮರಿ ಹೇಗೆ ತಡೆದೀತು?

ಹಾಗಾದರೆ ಬೆಕ್ಕು ತನಗೆ ಬೇಕಾದ ಬಿಲವನ್ನು ತಾನೇ ಏಕೆ ತೋಡುವುದಿಲ್ಲ? ಅದರ ಉಗುರನ್ನು ನೋಡಿದರೆ ಉತ್ತರ ಸಿಗುತ್ತದೆ. ಮುಳ್ಳುಹಂದಿ, ಚಿಪ್ಪುಹಂದಿಗಳಂಥ ಅಗೆಯುವ ಪ್ರಾಣಿಗಳ ಉಗುರು ದಪ್ಪ, ಮೊಂಡು, ಸದಾ ಹೊರಗೆ ಚಾಚಿರುತ್ತದೆ. ಬೆಕ್ಕಿನ ಉಗುರು ಬಾಗಿದ ಸೂಜಿಯಂಥದು. ನಡೆಯುವಾಗ ಮೊನೆ ಸವೆಯದಿರಲೆಂದು ಒಳಗೆ ಸರಿದಿರುತ್ತದೆ, ಬೇಟೆಯನ್ನು ಹಿಡಿಯುವ ಕ್ಷಣಕ್ಕೆ ಮಾತ್ರ ಹೊರಬರುತ್ತದೆ. ಗಟ್ಟಿ ನೆಲವನ್ನು ದಿನವೂ ಕೆರೆದರೆ ಆ ಆಯುಧ ಹಾಳಾಗುತ್ತದೆ. ಮರಳುಗಾಡಿನ ಬೆಕ್ಕು ಸಡಿಲ ಮರಳಿನಲ್ಲಿ ಬಿಲ ತೋಡಿಕೊಳ್ಳುವುದುಂಟು. ಕಪ್ಪುಗಾಲಿನ ಬೆಕ್ಕೂ ಸಿಕ್ಕ ಬಿಲವನ್ನು ಕೆರೆದು ತುಸು ಅಗಲಿಸಿಕೊಂಡೀತು. ಉಳಿದಂತೆ ಬಿಲ ಬೇಕಾದ ಬೆಕ್ಕುಗಳು ಹೆಚ್ಚಾಗಿ ಪರರು ತೋಡಿದ ಬಿಲವನ್ನೇ ನೆಚ್ಚಿಕೊಂಡಿವೆ.

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತೆ ಎಂದು ನಾವು ಹೇಳುವುದುಂಟು. ಕಪ್ಪುಗಾಲಿನ ಬೆಕ್ಕಿನ ಬದುಕೂ ಹಾಗೆಯೇ. ಟೊಳ್ಳಾದ ಹಳೆಯ ಹುತ್ತಗಳಲ್ಲಿ ಅದು ಎಷ್ಟು ಸಹಜವಾಗಿ ನೆಲೆಸುತ್ತದೆಂದರೆ ಅಲ್ಲಿನ ರೈತರು ಅದನ್ನು ಹುತ್ತದ ಹುಲಿ ಎಂದೇ ಕರೆಯುತ್ತಾರೆ. ಹುತ್ತ ಸಿಗದಲ್ಲಿ ಸ್ಪ್ರಿಂಗ್‌ಹೇರ್ ಬಿಟ್ಟುಹೋದ ಬಿಲಗಳಿವೆ. ಹಿಂಗಾಲಲ್ಲಿ ನೆಗೆಯುತ್ತ ಸಾಗುವ, ಮೂರು ಕಿಲೋದಷ್ಟು ತೂಗುವ ಈ ದಂಶಕ ಒಂದೇ ಹೊಲದಲ್ಲಿ ಹಲವು ಬಾಯಿಗಳುಳ್ಳ ಹಲವು ಬಿಲ ತೋಡುತ್ತದೆ. ತಾಯಿಬೆಕ್ಕಿಗೆ ಒಂದು ಬಿಲ ಸಾಲದು. ಒಂದೇ ಕಡೆ ಹೆಚ್ಚು ದಿನ ಉಳಿದರೆ ವಾಸನೆ ಹಿಡಿದು ನರಿ ಬಂದೀತೆಂದು ಮರಿಗಳನ್ನು ಬಿಲದಿಂದ ಬಿಲಕ್ಕೆ ಸಾಗಿಸುತ್ತಲೇ ಇರುತ್ತದೆ. ಆದ್ದರಿಂದ ಅದಕ್ಕೆ ಬೇಕಾದ್ದು ಬಿಲಗಳ ಒಂದು ಇಡೀ ಬಯಲು. ಆ ದಂಶಕವನ್ನು ಬೆಳೆಗೆ ಹಾನಿ ಮಾಡುತ್ತದೆಂದು ಕೊಂದರೆ, ಮಾಂಸಕ್ಕೆಂದು ಬೇಟೆಯಾಡಿದರೆ, ಕೆಲವೇ ವರ್ಷಗಳಲ್ಲಿ ಅದರ ಬಿಲಗಳು ಕುಸಿದು ಮುಚ್ಚಿಹೋಗುತ್ತವೆ. ಬೆಕ್ಕಿಗೆ ಯಾರೂ ಕೈ ಮಾಡದಿದ್ದರೂ ಅದರ ಮನೆ ಹೋಗುತ್ತದೆ. ಕಪ್ಪುಗಾಲಿನ ಬೆಕ್ಕು 2002ರಿಂದ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯಕ್ಕೆ ಒಳಗಾಗಬಲ್ಲ ಪ್ರಾಣಿ ಎಂದು ದಾಖಲಾಗಿದೆ.

ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ಇದೇ ಕಥೆ ಇನ್ನೂ ಕಠಿಣವಾದ ಹವೆಯಲ್ಲಿ ನಡೆದಿದೆ. ಅಲ್ಲಿರುವುದು ದಟ್ಟ ತುಪ್ಪಳದ, ಗುಂಡುಮುಖದ ಪಲ್ಲಾಸ್ ಬೆಕ್ಕು. ಓಟದಲ್ಲಿ ಅದು ಹಿಂದೆ. ತೋಳವೋ ನಾಯಿಯೋ ಬಂದರೆ ಅಡಗಿಯೇ ಬದುಕಬೇಕು. ಸ್ಟೀವ್ ರಾಸ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ, ಬಂಡೆಯ ಸಂದುಗಳಿಗೂ ಮಾರ್ಮಾಟ್ ಎಂಬ ದೊಡ್ಡ ದಂಶಕದ ಬಿಲಗಳಿಗೂ ಈ ಬೆಕ್ಕು ಎಷ್ಟು ಜೋತುಬಿದ್ದಿದೆ ಎಂಬುದನ್ನು ತೋರಿಸಿತು. ತುಪ್ಪಳ ಮತ್ತು ಮಾಂಸಕ್ಕಾಗಿ ಮಾರ್ಮಾಟ್‌ಗಳನ್ನು ಬೇಟೆಯಾಡಿ ಜನ ಅವುಗಳ ಸಂಖ್ಯೆಯನ್ನು ವಿಪರೀತ ಇಳಿಸಿದ್ದಾರೆ. ಬಿಲ ತೋಡುವವನು ಕಡಿಮೆಯಾದಂತೆ ಬೆಕ್ಕಿಗೆ ಆಸರೆಯೂ ಕಡಿಮೆಯಾಗುತ್ತದೆ. ರಷ್ಯಾದ ಗಡಿಯೊಳಗಿನ ದೌರಿಯಾ ಮೀಸಲು ಪ್ರದೇಶದಲ್ಲಿ ಈ ಬೆಕ್ಕಿಗಾಗಿ ಕೃತಕ ಆಸರೆಗಳನ್ನು ಕಟ್ಟುವ ಕೆಲಸಕ್ಕೆ ಸಂರಕ್ಷಕರು ಕೈಹಾಕಿದ್ದು ಇದೇ ಕೊರತೆಯನ್ನು ಕಂಡು.

ಮನುಷ್ಯ ತೋಡುವ ಬಿಲ ಬೆಕ್ಕಿಗೆ ಒಗ್ಗೀತೆ? ಒಗ್ಗುತ್ತದೆ. ಆದರೆ ಎರಡು ಬಗೆಯ ಉಪಯೋಗಗಳನ್ನು ಬೇರೆಬೇರೆಯಾಗಿ ನೋಡಬೇಕು, ಏಕೆಂದರೆ ಇವೆರಡನ್ನೂ ಕಲೆಸಿದಾಗಲೇ ಯೋಜನೆಗಳು ಕೆಡುತ್ತವೆ. ಒಂದು, ಮಲಗಲು, ಮರಿಹಾಕಲು ಬೇಕಾದ ಬಿಲ. ಇನ್ನೊಂದು, ಆಚೆಯಿಂದ ಈಚೆಗೆ ದಾಟಲು ಬೇಕಾದ ಸುರಂಗ. ಮಲಗುವ ಬಿಲ ಇಕ್ಕಟ್ಟಾಗಿರಬೇಕು, ಒಳಗೆ ಕತ್ತಲಿರಬೇಕು, ದೊಡ್ಡ ಪ್ರಾಣಿಯ ತಲೆ ತೂರದಷ್ಟು ಬಾಯಿ ಕಿರಿದಾಗಿರಬೇಕು. ಶತ್ರು ಒಂದು ಬಾಯಿಂದ ಬಂದರೆ ಪಾರಾಗಲು ಎರಡನೇ ಬಾಯಿ ಇರಬೇಕು. ಮಳೆನೀರು ಒಳಗೆ ನಿಲ್ಲಬಾರದು. ದಾಟುವ ಸುರಂಗದ ಗುಣ ಬಹುಪಾಲು ಇದಕ್ಕೆ ತದ್ವಿರುದ್ಧ. ಈ ತುದಿಯಲ್ಲಿ ನಿಂತರೆ ಆ ತುದಿಯ ಬೆಳಕು ಕಾಣಬೇಕು, ಅಗಲ ಎತ್ತರ ಧಾರಾಳವಾಗಿರಬೇಕು, ಎರಡೂ ಬಾಯಿಗಳ ಬಳಿ ಮರೆಯಾಗಿ ಬರಲು ಪೊದೆ ಇರಬೇಕು.

ದಾಟುವ ಸುರಂಗದ ವಿಷಯದಲ್ಲಿ ಜಪಾನಿನ ಇರಿಯೋಮೋಟೆ ದ್ವೀಪದ ಅನುಭವ ಎಲ್ಲಕ್ಕಿಂತ ಬೆಲೆಯುಳ್ಳದ್ದು. ತೈವಾನಿಗೆ ಸಮೀಪದ ಈ ದ್ವೀಪ ಸುಮಾರು 290 ಚದರ ಕಿಲೋಮೀಟರ್, ಹೆಚ್ಚು ಭಾಗ ಕಾಡು. 1965ರಲ್ಲಿ ಇಲ್ಲೊಂದು ಕಾಡುಬೆಕ್ಕು ಇದೆಯೆಂದು ಹೊರಜಗತ್ತಿಗೆ ಗೊತ್ತಾಯಿತು; 1967ರಲ್ಲಿ ವಿಜ್ಞಾನಿಗಳು ಅದನ್ನು ವಿವರಿಸಿ ಹೆಸರಿಟ್ಟರು. ಇಂದು ಅದು ನಮ್ಮ ಪಶ್ಚಿಮ ಘಟ್ಟದ ಚಿರತೆಬೆಕ್ಕಿನ ಜಾತಿಗೇ ಸೇರಿದ ದ್ವೀಪದ ಬಳಗವೆಂದು ಪರಿಗಣಿತವಾಗಿದೆ. ಇರುವುದು ಸುಮಾರು ನೂರು. ದ್ವೀಪದ ಕರಾವಳಿಯನ್ನು ಹಿಡಿದು ಒಂದೇ ಒಂದು ಮುಖ್ಯ ರಸ್ತೆ ಹೋಗುತ್ತದೆ. ಬೆಕ್ಕಿಗೆ ಹೆಚ್ಚು ಆಹಾರ ಸಿಗುವುದೂ ಅದೇ ಕರಾವಳಿಯ ತಗ್ಗಿನಲ್ಲಿ. ವಾಹನಕ್ಕೆ ಸಿಕ್ಕಿ ಸತ್ತ ಮೊದಲ ಬೆಕ್ಕು 1978ರಲ್ಲಿ ದಾಖಲಾಯಿತು. ನೂರರಲ್ಲಿ ಒಂದು ಹೆಣ್ಣು ಸತ್ತರೂ ಮುಂದಿನ ಪೀಳಿಗೆಗಳ ಲೆಕ್ಕವೇ ಬದಲಾಗುತ್ತದೆ.

ಅಲ್ಲಿನ ಆಡಳಿತ ರಸ್ತೆಯಡಿ ನೂರಕ್ಕೂ ಹೆಚ್ಚು ಸುರಂಗದಾರಿಗಳನ್ನು ಮಾಡಿತು. ಬೆಕ್ಕು ಅವುಗಳಲ್ಲಿ ಓಡಾಡುತ್ತದೆ ಎಂಬುದನ್ನು ಕ್ಯಾಮೆರಾಗಳು ತೋರಿಸಿವೆ. ಏಡಿ, ಕಪ್ಪೆಗಳೂ ಅದೇ ದಾರಿ ಹಿಡಿಯುತ್ತವೆ. ಚಾಲಕರನ್ನು ಎಚ್ಚರಿಸಲು ರಸ್ತೆಯ ಮೇಲ್ಮೈಯನ್ನು ಅಲ್ಲಲ್ಲಿ ಒರಟಾಗಿಸಿದ್ದಾರೆ, ಚಕ್ರ ಹಾದಾಗ ಸದ್ದು ಬರುತ್ತದೆ. ಇಷ್ಟಾದರೂ ಸಾವು ನಿಂತಿಲ್ಲ. ಕಾರಣ ತಿಳಿದಾಗ ನನಗೆ ಇಡೀ ಸಮಸ್ಯೆಯೇ ಬೇರೆಯಾಗಿ ಕಂಡಿತು. ಮಳೆಯ ರಾತ್ರಿ ಕಪ್ಪೆ, ಏಡಿ, ಹಾವುಗಳು ಟಾರು ರಸ್ತೆಗೆ ಬರುತ್ತವೆ, ಕಾರುಗಳಡಿ ಅಪ್ಪಚ್ಚಿಯಾಗುತ್ತವೆ, ಅವನ್ನು ತಿನ್ನಲು ಬೆಕ್ಕು ಬಂದು ನಿಲ್ಲುತ್ತದೆ. ದಾಟಲು ಬಂದ ಬೆಕ್ಕಿಗೆ ಸುರಂಗ ನೆರವಾಗುತ್ತದೆ. ಊಟಕ್ಕೆ ಬಂದ ಬೆಕ್ಕಿಗೆ ಸುರಂಗದಿಂದ ಏನೂ ಆಗದು. ಅದನ್ನು ಉಳಿಸಬಲ್ಲದ್ದು ವಾಹನದ ವೇಗ ಇಳಿಸುವುದು ಮಾತ್ರ. ರಸ್ತೆಯಡಿ ಪೈಪು ಹಾಕಿ ಕರ್ತವ್ಯ ಮುಗಿಯಿತೆಂದು ಹೇಳುವವರಿಗೆಲ್ಲ ಇರಿಯೋಮೋಟೆಯ ಈ ವಿವರವನ್ನು ತೋರಿಸಬೇಕು.

ಹಾಗೆಂದು ಪೈಪು ವ್ಯರ್ಥವಲ್ಲ. ಸ್ಪೇನಿನ ಮ್ಯಾಡ್ರಿಡ್–ಸೆವಿಲ್ ವೇಗದ ರೈಲುಮಾರ್ಗದ ಅಡಿಯ ಮೋರಿಗಳನ್ನು ಸಂಶೋಧಕರು ಗಮನಿಸಿ 1996ರಲ್ಲಿ ವರದಿ ಮಾಡಿದರು: ಪ್ರಾಣಿಗಳಿಗೆಂದು ಕಟ್ಟದ, ನೀರು ಹರಿಯಲೋ ರೈತರು ಓಡಾಡಲೋ ಮಾಡಿದ ದಾರಿಗಳನ್ನೂ ಕಾಡುಪ್ರಾಣಿಗಳು ಬಳಸುತ್ತವೆ. ಅಮೆರಿಕದ ದಕ್ಷಿಣ ಟೆಕ್ಸಾಸ್‌ನಲ್ಲಿ ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕುಗಳ ಬಗ್ಗೆ 2003ರಲ್ಲಿ ಬಂದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. ಹೆದ್ದಾರಿಯ ಮೋರಿಗಳಲ್ಲಿ ನೀರು ನಿಂತಾಗಲೂ ಪಾದ ಒದ್ದೆಯಾಗದಂತೆ ನಡೆಯಲು ಒಳಗೋಡೆಗೆ ಕಟ್ಟೆಯಂಥ ಹಾದಿ ಜೋಡಿಸಿದ್ದರು. ಉದ್ದಕ್ಕೆ ತಕ್ಕ ಅಗಲ ಎತ್ತರವಿದ್ದ, ದಟ್ಟ ಮುಳ್ಳುಪೊದೆಯ ನಡುವೆ ಬಾಯಿ ತೆರೆದಿದ್ದ ಮೋರಿಗಳೇ ಅವಕ್ಕೆ ಹೆಚ್ಚು ಹಿಡಿಸಿದವು. ಅದೇ ಸೀಮೆಯಲ್ಲಿ ಓಸಿಲಾಟ್ ಎಂಬ ಚುಕ್ಕೆಬೆಕ್ಕು ನೂರಕ್ಕೂ ಕಡಿಮೆ ಉಳಿದಿದೆ. ಅದರ ಸಾವಿಗೆ ಗೊತ್ತಿರುವ ಕಾರಣಗಳಲ್ಲಿ ವಾಹನವೇ ಮೊದಲನೆಯದು. ಅದಕ್ಕಾಗಿಯೇ ಅಲ್ಲಿ ಅಂಡರ್‌ಪಾಸ್‌ಗಳನ್ನು ಕಟ್ಟಿ, ಬೆಕ್ಕು ರಸ್ತೆಗೆ ಹತ್ತದೆ ಅತ್ತಲೇ ತಿರುಗುವಂತೆ ಬೇಲಿ ಹಾಕುತ್ತಿದ್ದಾರೆ.

ಇನ್ನು ವಾಸದ ಬಿಲ. ಇದಕ್ಕೆ ಹಳೆಯ ಅನುಭವ ಬೆಕ್ಕುಗಳಿಂದ ಬಂದದ್ದಲ್ಲ. ನೆಲದೊಳಗೆ ಗೂಡು ಮಾಡುವ ಗೂಬೆಗಳಿಗೂ ಸ್ಯಾನ್ ಹೊಕೀನ್ ಕಣಿವೆಯ ಪುಟ್ಟ ನರಿಗೂ ಕ್ಯಾಲಿಫೋರ್ನಿಯಾದಲ್ಲಿ ಪೈಪು ಮತ್ತು ಪೆಟ್ಟಿಗೆ ಹೂತು ಕೃತಕ ಬಿಲ ಮಾಡುವ ಪದ್ಧತಿ ದಶಕಗಳಿಂದ ಇದೆ. ಐಬೀರಿಯನ್ ಲಿಂಕ್ಸ್‌ನ ವಿಷಯದಲ್ಲಂತೂ ಸ್ಪೇನಿನವರು ಬಿಲ ಕಟ್ಟಿದ್ದು ಬಹುಪಾಲು ಬೆಕ್ಕಿಗಲ್ಲ, ಬೆಕ್ಕಿನ ಆಹಾರವಾದ ಮೊಲಕ್ಕೆ. ಕಲ್ಲು, ಮಣ್ಣು, ಕಟ್ಟಿಗೆ ರಾಶಿ ಹಾಕಿ ಮೊಲ ಮರಿಹಾಕುವಂತೆ ಮಾಡಿದರು. ಮೊಲ ಹೆಚ್ಚಿಸಿದ್ದು, ಸಾಕಿ ಬಿಟ್ಟದ್ದು, ರಸ್ತೆ ಸಾವು ತಗ್ಗಿಸಿದ್ದು ಎಲ್ಲ ಸೇರಿ 2001ರಲ್ಲಿ 62 ಇದ್ದ ಪ್ರೌಢ ಲಿಂಕ್ಸ್‌ಗಳು 2022ರ ಹೊತ್ತಿಗೆ 648 ಆದವು. ಲಿಂಕ್ಸ್ ಚಿಕ್ಕ ಬೆಕ್ಕೇನೂ ಅಲ್ಲ. ಆದರೂ ನೆಲದಡಿಯ ಮನೆಗೂ ಬೆಕ್ಕಿನ ಉಳಿವಿಗೂ ಇರುವ ನಂಟು ಎಷ್ಟು ಸುತ್ತುಬಳಸಿನದೆಂದು ಇದರಿಂದ ಗೊತ್ತಾಗುತ್ತದೆ.

ಮನುಷ್ಯ ಮಾಡಿದ ದಾರಿಗಳನ್ನು ಬೆಕ್ಕು ಬಳಸುವುದು ನಗರಗಳಲ್ಲಿ ಯಾರೂ ಯೋಜಿಸದೆ ತಾನಾಗಿ ನಡೆಯುತ್ತಿದೆ. ಶ್ರೀಲಂಕಾದ ಕೊಲಂಬೊದಲ್ಲಿ ಮೀನುಗಾರ ಬೆಕ್ಕುಗಳಿವೆ. 2018ರಲ್ಲಿ ರಾಮ್ಸಾರ್ ಒಪ್ಪಂದದಡಿ ಜೌಗುನೆಲದ ನಗರವೆಂಬ ಮನ್ನಣೆ ಪಡೆದ ಊರು ಅದು. ಅನ್ಯಾ ರತ್ನಾಯಕ 2013ರಲ್ಲಿ ಆರಂಭಿಸಿದ ಅಧ್ಯಯನದಿಂದ, ಈ ಬೆಕ್ಕುಗಳು ಕಾಲುವೆ, ಚರಂಡಿಗಳ ದಾರಿ ಹಿಡಿದು ಮನೆಗಳ ನಡುವೆಯೇ ಸುಳಿದಾಡಿ ಹಿತ್ತಲ ಕೊಳದ ಮೀನು ಹಿಡಿಯುವುದು ತಿಳಿಯಿತು. ಇಂಥ ಸುದ್ದಿ ಓದಿದಾಗ ಕಾಡುಪ್ರಾಣಿ ನಮ್ಮೊಡನೆ ಹೊಂದಿಕೊಂಡಿತೆಂದು ಸಂತೋಷಪಡುತ್ತೇವೆ. ನಾನು ಆ ಸಂತೋಷಕ್ಕೆ ಪೂರ್ತಿ ಒಪ್ಪಲಾರೆ.

ಪ್ರಾಣಿಯ ಕಣ್ಣಿಗೆ ಒಳ್ಳೆಯದಾಗಿ ಕಾಣುವ ನೆಲೆ ನಿಜಕ್ಕೂ ಒಳ್ಳೆಯದಾಗಿರಬೇಕೆಂದಿಲ್ಲ. ಕತ್ತಲು, ತಂಪು, ಇಲಿಗಳ ವಾಸನೆ ಇವಿಷ್ಟನ್ನು ಕಂಡು ಬೆಕ್ಕು ಒಳಹೋಗುತ್ತದೆ. ಸಾವಿರಾರು ವರ್ಷಗಳಿಂದ ಅದರ ಕುಲಕ್ಕೆ ಈ ಗುರುತುಗಳು ಸುಳ್ಳಾಗಿರಲಿಲ್ಲ. ಮನುಷ್ಯ ಮಾಡಿದ ಗುಂಡಿಯಲ್ಲಿ ಸುಳ್ಳಾಗಬಹುದು. ಚರಂಡಿಯ ಇಲಿ ಪಾಷಾಣ ತಿಂದ ಇಲಿಯಾಗಿರಬಹುದು. ಲಾಸ್ ಏಂಜಲೀಸ್ ಸುತ್ತಲಿನ ಬಾಬ್‌ಕ್ಯಾಟ್‌ಗಳನ್ನು ಪರೀಕ್ಷಿಸಿದಾಗ ಬಹುಪಾಲು ಬೆಕ್ಕುಗಳ ಮೈಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿವಿಷ ಸಿಕ್ಕಿದೆ. ಅಂಥ ಬೆಕ್ಕುಗಳಲ್ಲಿ ಕಜ್ಜಿರೋಗ ಹರಡಿ ಸಾಲುಸಾಲಾಗಿ ಸತ್ತದ್ದೂ ಇದೆ. ಊರಿಗೆ ಹತ್ತಿರದ ಬಿಲಕ್ಕೆ ಮನೆಬೆಕ್ಕೂ ಬರುತ್ತದೆ, ರೋಗವನ್ನು ತರುತ್ತದೆ, ಕಾಡುಬೆಕ್ಕಿನೊಡನೆ ಕೂಡಿ ಬೆರಕೆ ಮರಿ ಹುಟ್ಟಿಸುತ್ತದೆ. ಸ್ಕಾಟ್ಲೆಂಡಿನ ಕಾಡುಬೆಕ್ಕು ಹೆಚ್ಚುಕಡಿಮೆ ಇಲ್ಲವಾದದ್ದಕ್ಕೆ ಈ ಬೆರಕೆಯೇ ದೊಡ್ಡ ಕಾರಣ. 2023ರಲ್ಲಿ ಸಾಕಿದ ಬೆಕ್ಕುಗಳನ್ನು ಕೇರ್ನ್‌ಗಾರ್ಮ್ಸ್ ಬೆಟ್ಟಸೀಮೆಗೆ ಬಿಟ್ಟು ಅದನ್ನು ಮತ್ತೆ ನೆಲೆಗೊಳಿಸಲು ತೊಡಗಬೇಕಾಯಿತು. ಇವೆಲ್ಲಕ್ಕಿಂತ ನೇರವಾದ ಅಪಾಯ ನೀರು. ಬೇಸಿಗೆಯಲ್ಲಿ ಒಣಗಿದ ಮೋರಿ ತಾಯಿಗೆ ಭದ್ರವಾಗಿ ಕಾಣುತ್ತದೆ. ಮುಂಗಾರಿನ ಮೊದಲ ಜಡಿಮಳೆಗೆ ಅದರ ತುಂಬ ನೀರು ಹರಿಯುತ್ತದೆ. ನರಿಯ ಬಿಲದಲ್ಲಿ ಇಂಥ ಮೋಸವಿರದು, ನರಿ ನೀರು ನುಗ್ಗುವ ಜಾಗ ನೋಡಿ ಬಿಲ ತೋಡುವುದಿಲ್ಲ.

ಕರ್ನಾಟಕಕ್ಕೆ ಇದರಿಂದ ಏನು? ನಮ್ಮಲ್ಲಿ ಹೊಲ, ಕಬ್ಬಿನ ಗದ್ದೆ, ಕೆರೆಯಂಚಿನ ಜೊಂಡುಗಳಲ್ಲಿ ಕಾಡುಬೆಕ್ಕು (ಜಂಗಲ್ ಕ್ಯಾಟ್) ಇದೆ. ಮಲೆನಾಡು, ಕೊಡಗಿನಲ್ಲಿ ಚಿರತೆಬೆಕ್ಕಿದೆ. ಮೈಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳಿರುವ ರಸ್ಟಿ ಸ್ಪಾಟೆಡ್ ಬೆಕ್ಕೂ ಇದೆ. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲದ ಅದು ತೂಕದಲ್ಲಿ ಕಪ್ಪುಗಾಲಿನ ಬೆಕ್ಕಿಗೆ ಸರಿಸಾಟಿ. ಇವುಗಳಲ್ಲಿ ಹೆಚ್ಚಿನವು ಬದುಕುವುದು ಹುಲಿ ಮೀಸಲು ಪ್ರದೇಶದ ಆಚೆಗೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರ ನಿಷೇಧವಿದೆ, ಅದು ಸರಿಯಾದ ಕ್ರಮ. ಆದರೆ ಬಯಲುಸೀಮೆಯ ಜಿಲ್ಲಾ ರಸ್ತೆಯಲ್ಲಿ ಬೆಳಗಿನ ಜಾವ ಸತ್ತುಬಿದ್ದ ಕಾಡುಬೆಕ್ಕಿಗೆ ಯಾವ ನಿಷೇಧವೂ ಇಲ್ಲ, ಲೆಕ್ಕವೂ ಇಲ್ಲ. ಊರ ಸುತ್ತ ಹೊಸ ಬಡಾವಣೆಗೆ ನೆಲ ಸಮ ಮಾಡುವಾಗ ಜೆಸಿಬಿ ಮೊದಲು ಕೆಡವುವುದು ಹುತ್ತಗಳನ್ನೇ. ಮುಳ್ಳುಹಂದಿಯನ್ನು ಹೊಗೆ ಹಾಕಿ ಹಿಡಿಯುತ್ತಾರೆ, ಚಿಪ್ಪುಹಂದಿಯನ್ನು ಕಳ್ಳಸಾಗಣೆಗಾಗಿ ಹಿಡಿಯುತ್ತಾರೆ. ಬೆಕ್ಕಿನ ಬಿಲ ತೋಡುವವರೆಲ್ಲ ಹೀಗೆ ಕಡಿಮೆಯಾಗುತ್ತಿರುವಾಗ ನಾವು ಪೆಟ್ಟಿಗೆ ಹೂತು ಕೃತಕ ಬಿಲ ಮಾಡುವುದಕ್ಕಿಂತ ಅವರನ್ನು ಉಳಿಸಿಕೊಳ್ಳುವುದೇ ಮೊದಲ ಕೆಲಸ ಎಂದು ನನಗೆ ಅನಿಸುತ್ತದೆ. ಮುಳ್ಳುಹಂದಿಗೆ ಟೆಂಡರ್ ಬೇಕಿಲ್ಲ, ನಿರ್ವಹಣೆಯ ಅನುದಾನವೂ ಬೇಕಿಲ್ಲ.

ದಾಟುವ ದಾರಿಯ ಮಾತು ಬೇರೆ. ಅದನ್ನು ಮನುಷ್ಯನೇ ಮಾಡಬೇಕು, ಏಕೆಂದರೆ ರಸ್ತೆ ಮನುಷ್ಯನದು. ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲು ಪ್ರದೇಶದ ಮೂಲಕ ಹಾದುಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಪ್ರಾಣಿಗಳಿಗಾಗಿ ಒಂಬತ್ತು ಕೆಳದಾರಿಗಳನ್ನು ಕಟ್ಟಿದರು. ಭಾರತೀಯ ವನ್ಯಜೀವಿ ಸಂಸ್ಥೆ 2019ರಲ್ಲಿ ಅಲ್ಲಿ ಕ್ಯಾಮೆರಾಗಳನ್ನು ಇಟ್ಟು ನೋಡಿದಾಗ 18 ಬಗೆಯ ಕಾಡುಪ್ರಾಣಿಗಳು ದಾಟುತ್ತಿದ್ದವು. ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಹುಲಿ. ಆ ಚಿತ್ರಗಳಲ್ಲಿ ಕಾಡುಬೆಕ್ಕೂ ಇತ್ತು.

ನಮ್ಮ ಪ್ರತಿ ರಸ್ತೆಯಡಿಯೂ ಮೋರಿಗಳಿವೆ. ಅವುಗಳಲ್ಲಿ ಅನೇಕವು ಹೂಳು, ಪ್ಲಾಸ್ಟಿಕ್, ಒಡೆದ ಬಾಟಲಿಗಳಿಂದ ಅರ್ಧ ಮುಚ್ಚಿವೆ. ಕೆಲವಕ್ಕೆ ಆಚೆಬದಿಯಲ್ಲಿ ಆಳುದ್ದದ ಸಿಮೆಂಟ್ ತೊಟ್ಟಿ ಇದ್ದು ಒಳಹೋದ ಪ್ರಾಣಿ ಮೇಲೆ ಬರಲಾರದು. ಹೊಸ ರಸ್ತೆಯ ನಕ್ಷೆ ಮಾಡುವಾಗ ಮಳೆನೀರಿನ ಲೆಕ್ಕದ ಜೊತೆಗೆ ಒಳಗೋಡೆಗೆ ಒಂದಡಿ ಅಗಲದ ಒಣ ಕಟ್ಟೆ, ತೊಟ್ಟಿ ಇದ್ದಲ್ಲಿ ಇಳಿಜಾರು, ಬಾಯಿಯ ಬಳಿ ಪೊದೆ ಬಿಡುವುದು, ಅತ್ತ ಕರೆತರುವ ಕಿರುಬೇಲಿ ಇವಿಷ್ಟನ್ನು ಸೇರಿಸಿದರೆ ಕಾಮಗಾರಿಯ ವೆಚ್ಚ ಬಹಳ ಏರದು. ಭಾರತೀಯ ವನ್ಯಜೀವಿ ಸಂಸ್ಥೆ 2016ರಲ್ಲೇ ರಸ್ತೆ, ರೈಲು, ವಿದ್ಯುತ್ ಮಾರ್ಗಗಳಿಂದಾಗುವ ಹಾನಿ ತಗ್ಗಿಸುವ ಮಾರ್ಗಸೂಚಿ ಹೊರತಂದಿದೆ. ಅದನ್ನು ಅರಣ್ಯದ ಗಡಿಯೊಳಗೆ ಮಾತ್ರ ನೆನೆಯುವ ಬದಲು ಲೋಕೋಪಯೋಗಿ ಇಲಾಖೆ ಹೊಲಗಳ ನಡುವಿನ ರಸ್ತೆಗಳಿಗೂ ಅನ್ವಯಿಸಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಮೋರಿಯ ಹೂಳು ತೆಗೆಯಲು ಹೋಗುವ ಕೂಲಿಯವರಿಗೆ ಒಂದು ಸೂಚನೆ ಕೊಡಬೇಕು: ಬೆಂಕಿ ಹಚ್ಚುವ ಮುಂಚೆ, ಯಂತ್ರ ಹಾಕುವ ಮುಂಚೆ, ಟಾರ್ಚ್ ಹಾಕಿ ಒಳಗೆ ನೋಡಿ. ಮರಿ ಕಂಡರೆ ಎತ್ತಿಕೊಂಡು ಹೋಗಬೇಡಿ, ಅರಣ್ಯ ಇಲಾಖೆಗೆ ತಿಳಿಸಿ, ಆ ಒಂದು ಮೋರಿಯ ಕೆಲಸವನ್ನು ನಾಲ್ಕು ದಿನ ಮುಂದಕ್ಕೆ ಹಾಕಿ. ತಾಯಿ ಹತ್ತಿರದಲ್ಲೇ ಇರುತ್ತದೆ, ಬೇರೊಂದು ಬಿಲ ಸಿಕ್ಕರೆ ಅದೇ ಮರಿಗಳನ್ನು ಸಾಗಿಸುತ್ತದೆ.